ಜಟಿಂಗ ರಾಮೇಶ್ವರದ ಬಂಡಿಜಾಡುಗಳು

ನಮ್ಮ ಮೊಳಕಾಲ್ಮುರು ಸೀಮೆಯಲ್ಲಿ ದಾರಿಗಳು ಮೂರು ಬಗೆಯವು. ಸರ್ಕಾರ ಮಾಡಿದ ಡಾಂಬರು ರಸ್ತೆ, ಬಂಡಿಗಳು ಮಾಡಿದ ಜಾಡು, ಜನ ಮತ್ತು ದನಕುರಿಗಳು ನಡೆದು ನಡೆದು ಮಾಡಿದ ಕಾಲುದಾರಿ. ಮೊದಲನೆಯದರಲ್ಲಷ್ಟೇ ಸಾಗಿದವನಿಗೆ ಈ ನಾಡು ಬರಿಯ ಬಿಸಿಲು, ಬಂಡೆ, ಜಾಲಿಗಳ ಬಯಲಾಗಿ ತೋರುತ್ತದೆ. ಉಳಿದೆರಡು ದಾರಿಗಳಲ್ಲಿ ಹೋದವನಿಗೆ ಮಾತ್ರ ಅದು ತನ್ನ ಕಥೆಯನ್ನು ಹೇಳುತ್ತದೆ.

ಈಚಿನ ಒಂದು ಬೇಸಿಗೆಯಲ್ಲಿ ಚಳ್ಳಕೆರೆಯ ತಂಗಿಯ ಮನೆಯಲ್ಲಿ ಹದಿನೈದು ದಿನ ತಂಗಿದ್ದೆ. ಸುದ್ದಿ ತಿಳಿದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಜೀಪಿನೊಡನೆ ಬಂದ. "ಮೇಷ್ಟ್ರೇ, ಬೆಟ್ಟದ ಹಿಂಬದಿಯ ದಾರಿಗಳನ್ನು ಈ ಸಲ ನೋಡಿಯೇ ಬಿಡೋಣ" ಎಂದ. ಮಂಡಿನೋವಿನವನಾದ ನನಗೆ ಅದೊಂದು ವರವೆಂದೇ ತೋರಿತು. ನಮ್ಮ ಬಾಲ್ಯದಲ್ಲಿ ಜೀಪೆಂದರೆ ಸರ್ಕಾರಿ ಅಧಿಕಾರಿಗಳ ವಾಹನ. ಅದರ ಧೂಳಿನ ಹಿಂದೆ ಓಡುವುದಷ್ಟೇ ನಮ್ಮ ಭಾಗ್ಯ. 1947ರಲ್ಲಿ ಮಹೀಂದ್ರ ಕಂಪನಿಯವರು ವಿಲ್ಲಿಸ್ ಜೀಪುಗಳನ್ನು ಮುಂಬಯಿಗೆ ತಂದು ಜೋಡಿಸಲು ತೊಡಗಿದ ಮೇಲೆ, ಹಾದಿಯಿಲ್ಲದ ಹಳ್ಳಿಗಳಿಗೂ ಈ ವಾಹನದ ಪರಿಚಯವಾಯಿತು.

ಹೆದ್ದಾರಿ ಬಿಟ್ಟು ಶೇಂಗಾದ ಹೊಲಗಳ ನಡುವಿನ ಜಾಡು ಹಿಡಿದೆವು. ಬೇಸಿಗೆಯಾದ್ದರಿಂದ ಹೊಲಗಳು ಬರಿದಾಗಿದ್ದವು. ಒಣಗಿದ ಹಳ್ಳವೊಂದು ಎದುರಾದಾಗ ಹುಡುಗ ಕೆಳಗಿಳಿದು ನಾಲ್ಕೂ ಚಕ್ರಗಳ ಗಾಳಿಯನ್ನು ತುಸು ಇಳಿಸಿದ. ಗಾಳಿ ಕಡಿಮೆಯಾದರೆ ಚಕ್ರ ಅಗಲವಾಗಿ ನೆಲಕ್ಕೆ ಊರುತ್ತದೆ, ಮರಳಿನಲ್ಲಿ ಹೂಳುವುದಿಲ್ಲ. ಬಳಿಕ ಇನ್ನೊಂದು ಸಣ್ಣ ಹಿಡಿಯನ್ನು ಎಳೆದ. ಎಂಜಿನ್ನಿನ ಬಲ ಹಿಂದಿನ ಎರಡು ಚಕ್ರಗಳಿಗಷ್ಟೇ ಅಲ್ಲದೆ ಮುಂದಿನವಕ್ಕೂ ಹಂಚಿಹೋಯಿತು. ಜೀಪು ಮುದಿ ಎತ್ತಿನಂತೆ ನಿಧಾನವಾಗಿ, ಆದರೆ ಎಲ್ಲಿಯೂ ನಿಲ್ಲದೆ ದಾಟಿತು. ಹಳ್ಳದ ಮರಳಿನಲ್ಲಿ ಮೂಡಿದ ಗುರುತನ್ನು ಮುಂದಿನ ಪ್ರವಾಹ ಅಳಿಸಿಬಿಡುತ್ತದೆ, ಅದರ ಚಿಂತೆಯಿಲ್ಲ.

ಬೆಟ್ಟದ ಮಗ್ಗುಲಿಗೆ ಬಂದಾಗ ಜಾಡು ಮುಗಿದು ಕಾಲುದಾರಿ ಉಳಿಯಿತು. ಸೀತಾಫಲದ ಗಿಡಗಳ ನಡುವೆ ಹುಲ್ಲಿನ ಇಳಿಜಾರು. "ಇದನ್ನೂ ಹತ್ತಿಸಬಹುದು ಸಾರ್, ಗಾಡಿಗೆ ಶಕ್ತಿಯಿದೆ" ಎಂದ ಹುಡುಗ. ಅಲ್ಲಿ ಕುರಿ ಕಾಯುತ್ತಿದ್ದ ವೃದ್ಧರೊಬ್ಬರು ಹತ್ತಿರ ಬಂದು, ಕೋಪವಿಲ್ಲದೆ ಹೇಳಿದರು: "ಸ್ವಾಮಿ, ನಿಮ್ಮ ಗಾಲಿ ಕೊರೆದ ಗೆರೇಲೇ ಮಳೆ ನೀರು ಹರೀತೈತೆ. ಈ ವರ್ಷ ಗೆರೆ, ಬರೋ ವರ್ಷ ಕೊರಕಲು. ಆಮ್ಯಾಕೆ ಕುರಿಗೆ ಹುಲ್ಲೆಲ್ಲಿ?"

ಭೂಗೋಳದ ಪಾಠವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲಾಗದು. ಚಳ್ಳಕೆರೆ, ಮೊಳಕಾಲ್ಮುರುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನವು. ಬೀಳುವ ಅಲ್ಪ ಮಳೆಯೂ ಕೆಲವೇ ದಿನಗಳಲ್ಲಿ ರಭಸದಿಂದ ಸುರಿಯುತ್ತದೆ. ಬಂಡೆಯ ಮೇಲಿನ ತೆಳ್ಳನೆಯ ಮಣ್ಣನ್ನು ಹಿಡಿದಿಟ್ಟಿರುವುದು ಹುಲ್ಲಿನ ಬೇರು. ಆ ಬೇರು ಚಕ್ರದಡಿಯಲ್ಲಿ ನುರಿದುಹೋದರೆ ಮಣ್ಣು ನೀರಿನೊಡನೆ ಇಳಿದುಹೋಗುತ್ತದೆ, ಮತ್ತೆ ಬರುವುದಿಲ್ಲ. ಹುಡುಗ ಏನೂ ವಾದಿಸದೆ ಎಂಜಿನ್ ಆರಿಸಿದ. ಅಲ್ಲಿಂದ ಮುಂದಕ್ಕೆ, ಅವನ ತೋಳನ್ನು ಹಿಡಿದು, ನಾಲ್ಕು ಕಡೆ ಕುಳಿತು, ಮೆಲ್ಲಗೆ ಹತ್ತಿದೆ.

ಜಟಾಯು ರಾವಣನೊಡನೆ ಕಾದಿ ಬಿದ್ದುದು ಇಲ್ಲಿಯೇ ಎಂಬ ಐತಿಹ್ಯದಿಂದ ಬೆಟ್ಟಕ್ಕೆ ಈ ಹೆಸರು ಬಂದಿತೆನ್ನುತ್ತಾರೆ. ಲೇಪಾಕ್ಷಿಯವರೂ ಇದೇ ಮಾತನ್ನು ತಮ್ಮ ಊರಿನ ಬಗ್ಗೆ ಹೇಳುತ್ತಾರೆ. ಪಕ್ಷಿರಾಜನಿಗಾಗಿ ಎರಡು ಊರುಗಳು ಪೈಪೋಟಿ ನಡೆಸುವುದು ಸಂತೋಷದ ಸಂಗತಿಯೇ. ನನ್ನ ಮನಸ್ಸಿನಲ್ಲಿದ್ದುದು ಬಳೆಗಾರ ಗುಂಡು. ಜಾತ್ರೆಯಲ್ಲಿ ಬಳೆಗಾರರು ಅಲ್ಲಿ ಮಳಿಗೆ ಹೂಡುತ್ತಿದ್ದುದರಿಂದ ಆ ಬಂಡೆಗೆ ಆ ಹೆಸರು. ಅದರ ಮೇಲೆಯೇ ಕ್ರಿಸ್ತಪೂರ್ವ 3ನೆಯ ಶತಮಾನದ ಅಶೋಕನ ಶಾಸನವಿದೆ. ಇದನ್ನೂ ಸಮೀಪದ ಬ್ರಹ್ಮಗಿರಿ, ಸಿದ್ದಾಪುರಗಳ ಶಾಸನಗಳನ್ನೂ 1892ರಲ್ಲಿ ಬೆಳಕಿಗೆ ತಂದವರು ಬಿ. ಎಲ್. ರೈಸ್. ಮೂರರಲ್ಲಿ ಹೆಚ್ಚು ಸವೆದಿರುವುದು ಇದೇ.

ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆಯಿದು. ತಂದೆತಾಯಿಗಳ ಮಾತು ಕೇಳುವುದು, ಪ್ರಾಣಿಗಳಲ್ಲಿ ದಯೆಯಿಡುವುದು, ಸತ್ಯ ನುಡಿಯುವುದು, ಶಿಷ್ಯನು ಗುರುವನ್ನು ಗೌರವಿಸುವುದು, ಬಂಧುಗಳೊಡನೆ ಯೋಗ್ಯವಾಗಿ ನಡೆದುಕೊಳ್ಳುವುದು ಅದರ ಸಾರ. (ಈ ಸಾಲುಗಳನ್ನು ನಿವೃತ್ತ ಮೇಷ್ಟರೊಬ್ಬ ಸ್ವಾರ್ಥದಿಂದ ಸೇರಿಸಿದ್ದಾನೆಂದು ಶಿಷ್ಯರೂ ಬಂಧುಗಳೂ ಶಂಕಿಸಬಾರದು!) ಬ್ರಹ್ಮಗಿರಿಯಲ್ಲಿ ಲಿಪಿಕಾರ ಚಪಡ ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ತನ್ನ ವೃತ್ತಿಯನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ, ಕೆತ್ತಿಸಿದ್ದಾನೆ. ಆ ಲಿಪಿಯನ್ನು ಬಲ್ಲವನೊಬ್ಬ ಈ ಸೀಮೆಯವರೆಗೆ ಯಾವ ಯಾವ ಜಾಡು ಹಿಡಿದು ಬಂದಿರಬೇಕು!

ಆಜ್ಞೆಯನ್ನು ಜನ ಹಾಯುವೆಡೆ ಬರೆಸುವುದು ರಾಜನೀತಿ, ಬಳೆಯನ್ನು ಜನ ಸೇರುವೆಡೆ ಮಾರುವುದು ವ್ಯಾಪಾರನೀತಿ. ಇಬ್ಬರೂ ಒಂದೇ ಬಂಡೆಯನ್ನು ಆರಿಸಿದ್ದು ಆ ಹಾದಿಯ ಮಹಿಮೆಯೆಂದು ನನಗೆ ತೋರುತ್ತದೆ. ಬಂಡೆಯ ಮೇಲೆ ಅಷ್ಟೊಂದು ಕಾಲ, ಅಷ್ಟೊಂದು ಜನ ಹಾದುಹೋದ ಮೇಲೂ ಒಂದಷ್ಟು ಅಕ್ಷರಗಳು ಉಳಿದಿವೆ. ಕಾಲು ಸವೆಸುವುದು ಹಾಗೆ, ತಾಳ್ಮೆಯಿಂದ. ಚಕ್ರಕ್ಕೆ ಎರಡು ಮಳೆಗಾಲ ಸಾಕು.

ವಾಹನವನ್ನು ನಾನು ಹಳಿಯುತ್ತಿಲ್ಲ. ಅದಿಲ್ಲದಿದ್ದರೆ ಈ ಮಂಡಿಗಳು ಬೆಟ್ಟದ ಬುಡವನ್ನೂ ಕಾಣುತ್ತಿರಲಿಲ್ಲ. ಬೆಂಗಳೂರಿನಲ್ಲಿಯೂ ದೂರದೇಶಗಳಲ್ಲಿಯೂ ಇರುವ ನನ್ನ ವಿದ್ಯಾರ್ಥಿಗಳಲ್ಲಿ ಹಲವರ ಬಳಿ ಇಂತಹ ವಾಹನಗಳಿವೆಯೆಂದು ಬಲ್ಲೆ. ರಜೆಯಲ್ಲಿ ಬನ್ನಿ, ಮಕ್ಕಳನ್ನು ಕರೆತನ್ನಿ, ವಯಸ್ಸಾದ ತಂದೆತಾಯಿಗಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಳ್ಳಿ. ಬಂಡಿ ಹೋದಲ್ಲಿ ಗಾಡಿಯಲ್ಲಿ ಹೋಗಿ. ಕಾಲು ಹೋದಲ್ಲಿ ಇಳಿದು ನಡೆಯಿರಿ. ಹೊಸ ಗೆರೆಯೊಂದನ್ನು ಎಳೆಯುವ ಮುನ್ನ ಸುತ್ತ ಕುರಿ ಕಾಯುವವರು ಯಾರಾದರೂ ಇದ್ದಾರೆಯೇ ನೋಡಿ, ಅವರನ್ನು ಕೇಳಿ. ಈ ಬೆಟ್ಟದ ನಿಜವಾದ ಉಪಾಧ್ಯಾಯರು ಅವರೇ.