ಅರಮನೆಯ ಹಿಂದೊಂದು ಚಿಮಣಿ

ಏಪ್ರಿಲ್ ತಿಂಗಳಲ್ಲಿ ಅಥಣಿಯ ಪೇಂಟರನನ್ನು ಮಧ್ಯಾಹ್ನ ಹುಡುಕಿಕೊಂಡು ಹೋಗಬಾರದು. ಅಂಗಡಿ ತೆರೆದೇ ಇರುತ್ತದೆ, ಡಬ್ಬಿಗಳ ಮುಚ್ಚಳವೂ ಅರ್ಧ ತೆರೆದಿರುತ್ತದೆ; ಮನುಷ್ಯ ಮಾತ್ರ ಇರುವುದಿಲ್ಲ. ತಗಡಿನ ಚಾವಣಿಯ ಕೆಳಗೆ ಹನ್ನೊಂದರ ಮೇಲೆ ಕೂತರೆ ಬಣ್ಣಕ್ಕಿಂತ ಮೊದಲು ಬಣ್ಣ ಹಚ್ಚುವವನೇ ಒಣಗುತ್ತಾನೆ ಎಂಬುದು ಈ ಭಾಗದ ಪೇಂಟರರೆಲ್ಲ ಒಪ್ಪಿಕೊಂಡ ಸಿದ್ಧಾಂತ. ನಸುಕಿನ ಐದಕ್ಕೆ ಎದ್ದು ಒಂಬತ್ತೂವರೆವರೆಗೆ ಒಂದು ಪಾಳಿ, ಹೊತ್ತು ಇಳಿದ ಮೇಲೆ ಬಲ್ಬು ಹಚ್ಚಿಕೊಂಡು ಇನ್ನೊಂದು ಪಾಳಿ. ನಡುವಿನ ಹೊತ್ತು ಬೇವಿನ ಗಿಡದ ಕೆಳಗಿನ ಕಟ್ಟೆಗೆ ಮೀಸಲು. ನಿಜವಾದ ಚಿತ್ರ ಆಗುವುದು ಅಲ್ಲೇ, ಅಂಗಡಿಯಲ್ಲಿ ಆಗುವುದು ಬರೀ ಕೂಲಿ ಎಂದು ಹೇಳಿಕೊಳ್ಳುವವರೂ ಇದ್ದಾರೆ. ಮನೆಯವರು ಇದನ್ನು ನಂಬಿದ ದಾಖಲೆ ಇಲ್ಲ.

ದೊಡ್ಡ ಊರಿನ ಕಲಾವಿದರಿಗೆ ಸ್ಟುಡಿಯೊ ಇರುತ್ತದೆ, ಇಲ್ಲಿರುವುದು ‘ಆರ್ಟ್ಸ್’. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಕಾಗವಾಡ, ಯಾವ ಊರಿಗೆ ಹೋದರೂ ಬಸ್‌ಸ್ಟ್ಯಾಂಡಿನ ಆಸುಪಾಸು ದೇವರದೋ ಮಗನದೋ ಹೆಸರಿನ ಮುಂದೆ ‘ಆರ್ಟ್ಸ್’ ಎಂದು ಬರೆದುಕೊಂಡ ಒಂದು ಖೋಲಿ ಇತ್ತು. ಕೆಲವು ಈಗಲೂ ಇವೆ. ಒಳಗೆ ಗೋಡೆಗೆ ಒರಗಿಸಿದ ತಗಡಿನ ಬೋರ್ಡು, ಅರ್ಧ ನಂಬರು ಬರೆದ ಟ್ರ್ಯಾಕ್ಟರ್ ಟ್ರೇಲರಿನ ಫಳಿ, ಮೂಗು ಬಾಕಿ ಇರುವ ಬಸವಣ್ಣ, ಸೀಮೆಎಣ್ಣೆಯ ಡಬ್ಬಿಯಲ್ಲಿ ನೆನೆಯುತ್ತಿರುವ ಬ್ರಶ್ಶುಗಳು. ಬ್ರಶ್ಶು ಒರೆಸಿ ಒರೆಸಿ ಬಾಗಿಲ ಚೌಕಟ್ಟಿನ ಮೇಲೆ ಬೆರಳು ದಪ್ಪದ ಬಣ್ಣ ಕೂತಿರುತ್ತದೆ. ಅದನ್ನು ಚೂರಿಯಿಂದ ಕೊಯ್ದು ನೋಡಿದರೆ ಯಾವ ಇಲೆಕ್ಷನ್ನಿನಲ್ಲಿ ಯಾವ ಪಕ್ಷ ಹೆಚ್ಚು ಗೋಡೆ ಬರೆಸಿತ್ತೆಂದು ಪದರುಪದರಾಗಿ ಹೇಳಬಹುದು.

ಊರವರೆಲ್ಲ ಕಾಕಾ ಎಂದು ಕರೆಯುವ ಒಬ್ಬ ಹಿರಿಯ ಪೇಂಟರ್ ಅಥಣಿ ತಾಲೂಕಿನಲ್ಲಿದ್ದಾನೆ. ಹೆಸರು ಬೇಕಾದವರು ಸುತ್ತಲ ಹಳ್ಳಿಗಳ ನಾಟಕದ ಪಡದೆಗಳ ಬಲಗಡೆಯ ಮೂಲೆ ನೋಡಿಕೊಳ್ಳಬಹುದು. ಸಹಿ ಅಲ್ಲಿದೆ, ಅರಮನೆಯ ಕಂಬಕ್ಕಿಂತ ತುಸು ದೊಡ್ಡದಾಗಿಯೇ ಇದೆ. ವರ್ಷವಿಡೀ ಬೋರ್ಡು, ನಂಬರು ಪ್ಲೇಟು ಬರೆದುಕೊಂಡಿರುವ ಈ ಮನುಷ್ಯ ಬೇಸಿಗೆಗೆ ಮಾತ್ರ ಚಿತ್ರಕಾರನಾಗುತ್ತಾನೆ. ಕಾರಣ ಸರಳ. ಜಾತ್ರೆ, ಉರುಸು, ಬಸವ ಜಯಂತಿ ಎಂದು ಹಳ್ಳಿ ಹಳ್ಳಿಗಳಲ್ಲಿ ನಾಟಕ ಏಳುವುದು ಇದೇ ಹೊತ್ತಿಗೆ. 20 ಅಡಿ ಅಗಲದ ಪಡದೆಯನ್ನು ಹಾಸಲು ಜಾಗ ಸಿಗುವುದೂ ಈಗಲೇ, ಯಾಕೆಂದರೆ ಸಾಲಿಗೆ ಸೂಟಿ. ಕನ್ನಡ ಸಾಲಿಯ ಉದ್ದನೆಯ ಖೋಲಿಯಲ್ಲಿ ಬೆಂಚು ಸರಿಸಿದರೆ ಅದಕ್ಕಿಂತ ಒಳ್ಳೆಯ ಸ್ಟುಡಿಯೊ ಮುಂಬೈಯಲ್ಲೂ ಇಲ್ಲ. ಕರಿಹಲಗೆಯ ಮೇಲೆ ಮಾರ್ಚ್ ತಿಂಗಳ ಕೊನೆಯ ಲೆಕ್ಕ ಹಾಗೆಯೇ ಇರುತ್ತದೆ. ಕಾಕಾ ಅದನ್ನು ಒರೆಸುವುದಿಲ್ಲ, ಉಳಿದ ಜಾಗದಲ್ಲಿ ಅರಮನೆಯ ಕಚ್ಚಾ ನಕ್ಷೆ ಬರೆಯುತ್ತಾನೆ. ಸೂಟಿಯ ಹುಡುಗರು ಪುಕ್ಕಟೆ ಆಳುಗಳು. ಒಬ್ಬ ಅಂಟು ತಿರುವುತ್ತಾನೆ. ಇಬ್ಬರು ಕಾವಿ ಹಚ್ಚಿದ ನೂಲನ್ನು ಆ ತುದಿ ಈ ತುದಿ ಎಳೆದು ಹಿಡಿಯುತ್ತಾರೆ. ಕಾಕಾ ನಡುವೆ ಬೆರಳಿನಿಂದ ಎತ್ತಿ ಬಿಟ್ಟರೆ ಚಟ್ ಎಂದು ಬಟ್ಟೆಯ ಮೇಲೆ ಕೆಂಪು ಗೆರೆ. ಹೀಗೆ ಬಟ್ಟೆ ತುಂಬ ಚೌಕ ಬಿದ್ದ ಮೇಲೆ ಅಂಗೈಯಗಲದ ಹಾಳೆಯ ಚಿತ್ರ ಚೌಕಕ್ಕೊಂದು ಚೌಕದಂತೆ ದೊಡ್ಡದಾಗುತ್ತ ಹೋಗುತ್ತದೆ. ಬಿದಿರ ಕೋಲಿನ ತುದಿಗೆ ಇದ್ದಿಲು ಕಟ್ಟಿಕೊಂಡು ನಿಂತೇ ಗೀಚುತ್ತಾನೆ, ಬಗ್ಗುವುದಿಲ್ಲ. ಅರಮನೆ ಸೀನು, ಕಾಡಿನ ಸೀನು, ಬೀದಿಯ ಸೀನು: ಇಷ್ಟಿದ್ದರೆ ಜಗತ್ತಿನ ಯಾವ ಕಥೆಯನ್ನಾದರೂ ಆಡಬಹುದೆಂಬುದು ಆತನ ನಂಬಿಕೆ.

ಅಂಟಿನ ವಿಷಯ ಮಾತ್ರ ಅಷ್ಟು ಸುಲಭದ್ದಲ್ಲ. ಮಾಂಜರಪಾಟ ಬಟ್ಟೆಯ ಪಟ್ಟಿಗಳನ್ನು ಹೊಲಿದು, ಅದಕ್ಕೆ ಸರೇಸಿನ ಅಂಟು ಮತ್ತು ಖಡುವಿನ ಪುಡಿ ಕಲಸಿ ಬಳಿಯಬೇಕು. ಸರೇಸನ್ನು ರಾತ್ರಿ ನೆನೆಹಾಕಿ, ಮರುದಿನ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕಾಯಿಸಬೇಕು. ನೇರ ಉರಿಗೆ ಇಟ್ಟರೆ ಹೊತ್ತಿ ಹಿಡಿತ ಕಳಕೊಳ್ಳುತ್ತದೆ. ಚರ್ಮ, ಎಲುಬಿನಿಂದ ಮಾಡಿದ ಅಂಟಾದ್ದರಿಂದ ಬೇಸಿಗೆಯ ಝಳಕ್ಕೆ ಬೇಗ ಹಳಸಿ ಇಡೀ ಸಾಲಿ ನಾರುತ್ತದೆ. ಹೆಡ್‌ಮಾಸ್ತರರಿಗೆ ಈ ವಾಸನೆ ಜೂನ್ ತಿಂಗಳಲ್ಲಿ ಬಂದರೆ ಗುಟ್ಟು ರಟ್ಟು. ಅಂಟು ಹೆಚ್ಚಾದರೆ ಪಡದೆ ಸುತ್ತುವಾಗ ಬಣ್ಣ ಬಿರಿದು ಉದುರುತ್ತದೆ, ಕಡಿಮೆಯಾದರೆ ಪಡದೆಗೆ ತಾಗಿ ನಿಂತ ದುರ್ಯೋಧನನ ಬೆನ್ನ ಮೇಲೆ ಅರಮನೆ ಮೂಡುತ್ತದೆ. ಕಾಕಾ ಅಂಟನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಮೆಲ್ಲಗೆ ಬಿಡಿಸಿ ಎಳೆ ನೋಡಿ, ಮೂಸಿ, ಒಮ್ಮೊಮ್ಮೆ ನಾಲಿಗೆಗೂ ಹಚ್ಚಿ ನಿರ್ಣಯ ಕೊಡುತ್ತಾನೆ. ಇದನ್ನು ಕಲಿಸುವ ಕಾಲೇಜು ಇಲ್ಲ, ಇರಬೇಕಾಗಿಯೂ ಇಲ್ಲ.

ಹೀಗೆ ಅಂಟಿನಲ್ಲಿ ಕಲಸಿದ ಪುಡಿಬಣ್ಣಕ್ಕೆ ಒಂದು ಕೆಟ್ಟ ಚಾಳಿಯಿದೆ. ಹಸಿ ಇದ್ದಾಗ ಕಡು, ಒಣಗಿದ ಮೇಲೆ ತಿಳಿ. ಬ್ರಶ್ಶಿನ ತುದಿಯಲ್ಲಿ ಕಾಣುವ ಬಣ್ಣ ಸುಳ್ಳು, ನಾಟಕದ ದಿನ ಕಾಣುವುದೇ ಖರೆ. ಮಳೆಗಾಲದಲ್ಲಿ ಈ ಸುಳ್ಳು ಬಯಲಾಗಲು ಮರುದಿನದವರೆಗೆ ಕಾಯಬೇಕು. ಬೇಸಿಗೆಯಲ್ಲಿ ಬೀಡಿ ಸೇದಿ ಮುಗಿಸುವಷ್ಟರಲ್ಲಿ ಉತ್ತರ ಸಿಗುತ್ತದೆ. ಕಾಕಾ ಬೇಸಿಗೆಯನ್ನು ಬೈಯುತ್ತಲೇ ಪ್ರೀತಿಸುವುದು ಇದಕ್ಕೇ.

ಆದರೆ ಆಕಾಶಕ್ಕೆ ಬಂದಾಗ ಅದೇ ಬಿಸಿಲು ವೈರಿ. ಮೇಲೆ ಕಡುನೀಲಿ, ಕೆಳಗೆ ಬರುತ್ತ ತಿಳಿಯಾಗಿ, ಗುಡ್ಡದ ಅಂಚಿಗೆ ಪೇವಡಿಯ ಹಳದಿಗೆ ತಿರುಗಬೇಕಾದರೆ ಬಣ್ಣ ಹಸಿಯಿದ್ದಾಗಲೇ ಬಣ್ಣದೊಳಗೆ ಬಣ್ಣ ಸೇರಬೇಕು. 40 ಡಿಗ್ರಿಯ ಹತ್ತಿರದ ಸೆಕೆಯಲ್ಲಿ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಹಚ್ಚಿದ್ದು ಒಣಗಿ ಪಟ್ಟೆ ಬೀಳುತ್ತದೆ. ಹಾಗಾಗಿ ಆಕಾಶದ ಕೆಲಸ ನಸುಕಿಗೇ. ಹುಡುಗರು ಬಟ್ಟೆಯ ಮೇಲೆ ನೀರು ಚಿಮುಕಿಸಬೇಕು, ಇಬ್ಬರು ಎರಡು ತುದಿಯಿಂದ ಬಳಿಯುತ್ತ ನಡುವೆ ಕೂಡಬೇಕು. ನೀಲಿ ಯಾವುದು? ಅಂಗಿ ತೊಳೆಯುವ ರಾಬಿನ್ ನೀಲಿಯೇ. ಅದರೊಳಗಿರುವುದೂ ಚಿತ್ರಕಾರರ ಅಲ್ಟ್ರಾಮರೀನ್ ಬಣ್ಣವೇ ಎಂಬುದು ಕಾಕಾನಿಗೆ ಗೊತ್ತಿದೆಯೋ ಇಲ್ಲವೋ, ಎರಡರ ರೇಟು ಮಾತ್ರ ಚೆನ್ನಾಗಿ ಗೊತ್ತಿದೆ. ರಾತ್ರಿ ಹಳದಿ ಬಲ್ಬಿನ ಬೆಳಕಲ್ಲಿ ಮತ್ತೊಮ್ಮೆ ನೋಡುವುದು ಕಡ್ಡಾಯ, ಯಾಕೆಂದರೆ ಆ ಬೆಳಕಿಗೆ ನೀಲಿ ಮಂಕಾಗುತ್ತದೆ, ಕೆಂಪು ಉರಿಯುತ್ತದೆ. ಕೃಷ್ಣನ ಪಾತ್ರಧಾರಿ ಕಪ್ಪಗೆ ಕಂಡರೆ ಬೈಗುಳ ಬರುವುದು ಪೇಂಟರನಿಗೇ, ಲೈಟಿನವನಿಗಲ್ಲ.

ಈಗ ಚಿಮಣಿಯ ಮಾತು. ಕಾಕಾನ ಬಾಲ್ಯ ಕಳೆದದ್ದು ಉಗಾರ ಖುರ್ದದ ಕಡೆ. 1939ರಲ್ಲಿ ಹುಟ್ಟಿದ ಉಗಾರ ಶುಗರ್ಸ್ ಕಾರ್ಖಾನೆಯ ಚಿಮಣಿ ಆತ ಕಂಡ ಮೊದಲ ದೊಡ್ಡ ಕಟ್ಟಡ. ಹೀಗಾಗಿ ಆತ ಬರೆದ ಪ್ರತಿ ಅರಮನೆಯ ಹಿಂದೆ, ಎರಡು ಗೋಪುರಗಳ ಸಂದಿನಲ್ಲಿ, ಸಣ್ಣದಾಗಿ ಒಂದು ಚಿಮಣಿ ನಿಂತಿರುತ್ತದೆ. ಹಂಗಾಮು ಮುಗಿದ ಬೇಸಿಗೆಯಲ್ಲಿ ನಿಜದ ಚಿಮಣಿ ತಣ್ಣಗಿದ್ದರೂ ಪಡದೆಯದು ಹೊಗೆ ಬಿಡುತ್ತಲೇ ಇರುತ್ತದೆ. ಒಮ್ಮೆ ಜಾತ್ರಾ ಕಮಿಟಿಯ ಅಧ್ಯಕ್ಷರು ಇದನ್ನು ಕಂಡುಹಿಡಿದು, “ಹಸ್ತಿನಾವತಿಯೊಳಗ ಫ್ಯಾಕ್ಟರಿ ಯಾಕ್ರೀ ಕಾಕಾ?” ಎಂದು ತಕರಾರು ತೆಗೆದರು. ಕಾಕಾ ಬ್ರಶ್ಶು ಕೆಳಗಿಡಲಿಲ್ಲ. “ಪಾಂಡವರ ಚಾಕ್ಕ ಸಕ್ಕರಿ ಬ್ಯಾಡೇನ್ರಿ, ಅಧ್ಯಕ್ಷರ?” ಎಂದ. ಕಬ್ಬು ಬೆಳೆಗಾರರೇ ತುಂಬಿದ್ದ ಕಮಿಟಿಯಲ್ಲಿ ಇದಕ್ಕೆ ಎದುರು ಮಾತು ಹುಟ್ಟಲಿಲ್ಲ. ಚಿಮಣಿ ಉಳಿಯಿತು.

ಕಟ್ಟೆಯ ಮೇಲೆ ಕೂತಾಗ ಕಾಕಾ ಹೇಳುವ ಕಲೆಯ ಇತಿಹಾಸದಲ್ಲಿ ರಾಜಧಾನಿ ಬೆಂಗಳೂರಲ್ಲ, ಕೊಲ್ಹಾಪುರ. ಇದು ಅಭಿಮಾನದ ಮಾತಲ್ಲ, ಭೂಗೋಳದ್ದು. ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು 40 ಕಿಲೋಮೀಟರು. ರಾಯಬಾಗವಂತೂ ಹಿಂದೆ ಕೊಲ್ಹಾಪುರ ಸಂಸ್ಥಾನದ್ದೇ. ಬಣ್ಣ, ಬ್ರಶ್ಶು, ಗುರು ಎಲ್ಲ ಅಲ್ಲಿಂದಲೇ ಬಂದವು. ಈ ಇತಿಹಾಸದ ಮೊದಲ ಪುರುಷ ಬಾಬುರಾವ್ ಪೇಂಟರ್. 1890ರಲ್ಲಿ ಹುಟ್ಟಿದ ಈ ಮಿಸ್ತ್ರಿ ಮನೆತನದ ಮನುಷ್ಯನಿಗೆ ಕಸುಬೇ ಅಡ್ಡಹೆಸರಾಯಿತು. ಸೋದರಸಂಬಂಧಿ ಆನಂದರಾವ್ ಜೊತೆ ನಾಟಕ ಕಂಪನಿಗಳಿಗೆ ಪಡದೆ ಬರೆದು ಹೆಸರು ಮಾಡಿದವನು, ಬಯಸ್ಕೋಪಿನ ಹುಚ್ಚು ಹತ್ತಿ, ಕ್ಯಾಮರಾ ಕೊಳ್ಳುವುದು ಆಗದೆ ತಾನೇ ಒಂದನ್ನು ಮಾಡಿಸಿಕೊಂಡು ಸಿನಿಮಾ ತೆಗೆದ. ಬಂಡವಾಳ ಕೊಟ್ಟ ಗಾಯಕಿ ತಾನಿಬಾಯಿ ಕಾಗಲಕರ್. ‘ಸೈರಂಧ್ರಿ’ ಬಂದದ್ದು 1920ರಲ್ಲಿ. ವ್ಹಿ. ಶಾಂತಾರಾಮರು ಪಳಗಿದ್ದು ಇದೇ ಮನುಷ್ಯನ ಕಂಪನಿಯಲ್ಲಿ. ಕಾಕಾನ ಪ್ರಕಾರ ಇದರ ನೀತಿ ಒಂದೇ: ಹಿಂದಿ ಸಿನಿಮಾ ಎಂಬುದು ಹುಟ್ಟಿದ್ದು ಸರೇಸಿನ ಅಂಟಿನಿಂದ. ಪೂರಾ ಸುಳ್ಳೇನಲ್ಲ.

ಎರಡನೆಯವರು ಅಬಾಲಾಲ್ ರಹಿಮಾನ್. ಇವರು ಸಂಕೇಶ್ವರದಾಚೆಯ ಗಡಹಿಂಗ್ಲಜದವರು, ಅಂದರೆ ನಮ್ಮವರೇ. ಮುಂಬೈಯ ಜೆ.ಜೆ. ಸ್ಕೂಲಿನಲ್ಲಿ ಕಲಿತು ಬಂದು, ಶಾಹೂ ಮಹಾರಾಜರ ಆಶ್ರಯದಲ್ಲಿದ್ದು, ಕೊಲ್ಹಾಪುರದ ಕೆರೆ, ದಂಡೆ, ಬೆಳಗು, ಬೈಗುಗಳನ್ನು ಬರೆದೇ ಬರೆದರು. 1922ರಲ್ಲಿ ಮಹಾರಾಜರು ತೀರಿಕೊಂಡಾಗ ದುಃಖ ತಡೆಯದೆ ಚಿತ್ರಗಳನ್ನು ಒಯ್ದು ಕೋಟಿತೀರ್ಥ ಕೆರೆಗೆ ಹಾಕಿದರಂತೆ. ಎಷ್ಟು ಚಿತ್ರ ಎಂಬುದು ಕಾಕಾ ಕೂತ ಹೊತ್ತಿನ ಮೇಲೆ ಅವಲಂಬಿಸಿದೆ: ಬೆಳಿಗ್ಗೆ ಹೇಳಿದರೆ ನೂರಾರು, ಸಂಜೆಗೆ ಸಾವಿರಾರು. ಬೇಸಿಗೆಯಲ್ಲಿ ಆ ಕೆರೆಯ ನೀರು ಇಳಿದಾಗ ಹೋಗಿ ನೋಡಬೇಕೆಂಬ ಯೋಜನೆ ಬಹಳ ವರ್ಷಗಳಿಂದ ಇದೆ. ಬೇಸಿಗೆಯಲ್ಲಿ ಪಡದೆಯ ಕೆಲಸ ಇರುವುದರಿಂದ ಹೋಗಲಾಗಿಲ್ಲ.

ಅಕ್ಷರದ ವಿಷಯದಲ್ಲಿ ಕಾಕಾ ಗಡಿವಾದಿಯಲ್ಲ, ಲೆಕ್ಕದವನು. ನಿಪ್ಪಾಣಿ, ಕಾಗವಾಡದ ಕಡೆ ಅಂಗಡಿಕಾರನಿಗೆ ಕನ್ನಡವೂ ಬೇಕು, ಮರಾಠಿಯೂ ಬೇಕು. ಮರಾಠಿಗೆ ನೂಲು ಒಂದು ಸಲ ಹೊಡೆದರೆ ತಲೆಗೆರೆ ತಯಾರು, ಅಕ್ಷರಗಳನ್ನು ಅದಕ್ಕೆ ಇಳಿಬಿಡುತ್ತ ಹೋಗಬಹುದು. ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ತಲೆಕಟ್ಟು, ಅದರದೇ ಹೊಟ್ಟೆ. ಎರಡು ದುಂಡುಗಳ ನಡುವಿನ ಜಾಗ ಅಳತೆಪಟ್ಟಿಗೆ ಸಿಗುವುದಿಲ್ಲ, ಕಣ್ಣಿಗೇ ಸಿಗಬೇಕು. ಮೇಲಾಗಿ ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡಬೇಕು, ಆ ಜಾಗಕ್ಕೆ ಪೇಂಟು ಸುಮ್ಮನೆ ಹೋಗುತ್ತದೆ. ಆದ್ದರಿಂದ ಒತ್ತಿಗೆ ಬೇರೆ ರೊಕ್ಕ. ಕಾಕಾನ ರೇಟಿನಲ್ಲಿ ಅಥಣಿ, ರಾಯಬಾಗ, ಕಾಗವಾಡ ಸೋವಿ. ಚಿಕ್ಕೋಡಿ, ನಿಪ್ಪಾಣಿ ತುಟ್ಟಿ. ಆತನ ಕಣ್ಣಿಗೆ ಈ ಸೀಮೆಯ ಅತ್ಯಂತ ಚಂದದ ಬರಹ ಇರುವುದು ಶೇಡಬಾಳ, ಕುಡಚಿ, ಚಿಂಚಲಿ ರೈಲು ನಿಲ್ದಾಣಗಳ ಹಳದಿ ಹಲಗೆಗಳ ಮೇಲೆ. ಹಳದಿಯ ಮೇಲೆ ಕಪ್ಪು, ಮಧ್ಯಾಹ್ನದ ಉರಿಬಿಸಿಲಲ್ಲೂ ಓಡುವ ಗಾಡಿಯಿಂದ ಓದಬಹುದು. ‘ಚಿಕ್ಕೋಡಿ ರೋಡ್’ ಎಂಬ ಹಲಗೆಯನ್ನಂತೂ ಆತ ವಿಶೇಷವಾಗಿ ಮೆಚ್ಚುತ್ತಾನೆ: ನಿಲ್ದಾಣ ಇರುವುದು ರಾಯಬಾಗ ತಾಲೂಕಿನಲ್ಲಿ, ಚಿಕ್ಕೋಡಿ ಇನ್ನೂ ಎಲ್ಲೋ ಇದೆ, ಆದರೆ ಬರಹದಲ್ಲಿ ಒಂದು ತಪ್ಪಿಲ್ಲ.

ಬೀಡಿಯ ಊರಾದ ನಿಪ್ಪಾಣಿಯಲ್ಲಿ ಬೇಸಿಗೆಯ ಗಾಳಿಗೆ ತಂಬಾಕಿನ ಘಾಟು ಎದ್ದರೆ ಬ್ರಶ್ಶು ಹಿಡಿದವನು ಸೀನುತ್ತಾನೆ, ಸೀನಿದರೆ ಅಕ್ಷರಕ್ಕೆ ಬಾಲ ಬರುತ್ತದೆ. ಅಲ್ಲಿಯ ಕೆಲಸ ಕಾಕಾ ಬಿಟ್ಟದ್ದು ಆ ಕಾರಣಕ್ಕೆ ಎಂದು ಹೇಳುತ್ತಾನೆ. ಅಸಲು ಕಾರಣ ಫ್ಲೆಕ್ಸ್.

ಫ್ಲೆಕ್ಸಿನ ಮೇಲಿನ ಸಿಟ್ಟನ್ನು ಇಲ್ಲಿ ಉದ್ದಕ್ಕೆ ಬರೆಯುವುದು ಬೇಡ, ಎಲ್ಲ ಊರಿನ ಪೇಂಟರರದೂ ಒಂದೇ ಕಥೆ. ಕರ್ನಾಟಕ ಸರಕಾರ 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಚೀಲದ ಜೊತೆ ಫ್ಲೆಕ್ಸು, ಬ್ಯಾನರುಗಳನ್ನೂ ನಿಷೇಧಿಸಿತು. ನಿಷೇಧದ ಬಗ್ಗೆ ಅಥಣಿ ಬಸ್‌ಸ್ಟ್ಯಾಂಡಿನ ಎದುರು ನಿಂತು ಯೋಚಿಸಬೇಕು. ಜನ್ಮದಿನದ ಶುಭಾಶಯ ಕೋರುವ ಮುಖಗಳ ನಡುವೆ ಆಕಾಶ ಹುಡುಕಬೇಕಾಗುತ್ತದೆ. 2024ರಲ್ಲಿ ನಾಮಫಲಕದ ಶೇ. 60ರಷ್ಟು ಕನ್ನಡವಿರಬೇಕೆಂಬ ಕಾಯ್ದೆ ಬಂದಾಗ ಕಾಕಾ ಹೊಸ ಬ್ರಶ್ಶು ತಂದಿಟ್ಟುಕೊಂಡ. ಕೆಲಸ ಹೋದದ್ದು ಮಷೀನಿನವನಿಗೆ. ಸೇಡು ತೀರಿಸುವುದು ಬಿಸಿಲು ಮಾತ್ರ. ಅಗ್ಗದ ಶಾಯಿಯ ಕೆಂಪು, ಹಳದಿ ಮೊದಲು ಹಾರಿಹೋಗಿ ನೀಲಿಯೊಂದೇ ಉಳಿಯುವುದರಿಂದ ಮೇ ತಿಂಗಳ ಹೊತ್ತಿಗೆ ಎಲ್ಲ ಪಕ್ಷದ ನಾಯಕರೂ ಶ್ರೀಕೃಷ್ಣನ ಬಣ್ಣಕ್ಕೆ ಬಂದಿರುತ್ತಾರೆ. ಕಾಕಾ ಅವರನ್ನು ದಿನಾ ಒಮ್ಮೆ ನೋಡಿ ಬರುತ್ತಾನೆ.

ಈ ಸಲದ ಪಡದೆ ಮುಗಿದಂತೆಯೇ ಇತ್ತು. ಉಳಿದದ್ದು ಮೇಲಿನ ಝಾಲರಿನ ಮೇಲೆ ದೇಣಿಗೆ ಕೊಟ್ಟವರ ಹೆಸರು. ಕಮಿಟಿಯವರು ಯಾದಿ ತಂದರು. ಬರೆದು ಒಣಗಿದ ಮೇಲೆ ಇನ್ನೊಂದು ಯಾದಿ ತಂದರು: ಮೊದಲಿನದರಲ್ಲಿ ಒಬ್ಬರು ರೊಕ್ಕ ಕೊಟ್ಟಿಲ್ಲ, ಇಬ್ಬರು ಹೊಸದಾಗಿ ಕೊಟ್ಟಿದ್ದಾರೆ, ಅವರಲ್ಲೊಬ್ಬರ ಅಡ್ಡಹೆಸರಿನಲ್ಲಿ ಮೂರು ಒತ್ತು. ಕೊಡದವರ ಹೆಸರನ್ನು ಆಕಾಶದ ಬಣ್ಣದಿಂದ ಅಳಿಸೋಣವೆಂದರೆ ನೀಲಿಯ ಆ ಹದ ನಸುಕಿನಲ್ಲಿ ಕಲಸಿದ್ದು, ಮತ್ತೆ ಬರುವುದಿಲ್ಲ. ಅಧ್ಯಕ್ಷರು ಅಲ್ಲೊಂದು ಮೋಡ ಬರೆಯಲು ಸೂಚಿಸಿದರು. ಬ್ಯಾಸಿಗಿಯೊಳಗ ಮೋಡ ಎಲ್ಲಿಂದ ತರ್ಲಿ ಎಂದು ಕಾಕಾ ಕೇಳಿದ. ಮೋಡಕ್ಕೆ ಬೇರೆ ರೊಕ್ಕ ಎಂದೂ ಸೇರಿಸಿದ. ಚೌಕಾಶಿ ಸಾಲಿಯ ಕಟ್ಟೆಯ ಮೇಲೆ ಇನ್ನೂ ನಡೆದಿದೆ, ನಾಟಕ ನಾಡದು.