ಡೀಜೆ ಪೆಟ್ಟಿಗೆಯೊಳಗಿನ ಸೋಬಾನೆ

ನಮ್ಮ ಭೋರಿನಲ್ಲಿ ‘ಡೀಜೆ’ ಎಂದರೆ ಮನುಷ್ಯನಲ್ಲ. ಟ್ರಕ್ಕಿನ ಮೇಲೆ ಗೋಡೆಯಂತೆ ಪೇರಿಸಿದ ಧ್ವನಿಪೆಟ್ಟಿಗೆಗಳು. ಗಣೇಶ ವಿಸರ್ಜನೆಯ ದಿನ ಅದು ಬೀದಿಗೆ ಬಂದಿತೆಂದರೆ ಕಿಟಕಿಯ ಗಾಜುಗಳೂ ಅಡುಗೆಮನೆಯ ಸ್ಟೀಲು ಡಬ್ಬಿಗಳೂ ತಾಳ ಹಾಕತೊಡಗುತ್ತವೆ. ಆದರೆ ಮೂಲದಲ್ಲಿ ಅದು ‘ಡಿಸ್ಕ್ ಜಾಕಿ’ ಎಂಬುದರ ಮೊಟಕು ರೂಪ. ಹಾಡಿನ ತಟ್ಟೆಗಳನ್ನು ಆಯ್ದು, ಒಂದರ ಬೆನ್ನಿಗೊಂದರಂತೆ ಕೇಳಿಸುವವನು ಡೀಜೆ. ಹಾಗೆ ನೋಡಿದರೆ 1952ರಿಂದ ರೇಡಿಯೋ ಸಿಲೋನಿನಲ್ಲಿ ಬಿನಾಕಾ ಗೀತಮಾಲಾ ನಡೆಸಿಕೊಟ್ಟ ಅಮೀನ್ ಸಯಾನಿಯವರೂ ಡೀಜೆಯೇ ಎಂದರೆ ಹಿರಿಯರು ಮುನಿಯಬಾರದು.

ಈ ವಿದ್ಯೆಯ ಇನ್ನೊಂದು ಕವಲು ಹುಟ್ಟಿದ್ದು ಒಂದು ವಲಸೆ ಬಂದ ಮನೆತನದ ಸಮಾರಂಭದಲ್ಲಿ. ಜಮೈಕಾ ದ್ವೀಪದಿಂದ 1967ರಲ್ಲಿ ನ್ಯೂಯಾರ್ಕಿಗೆ ಬಂದ ಹುಡುಗನೊಬ್ಬ ಮುಂದೆ ಕೂಲ್ ಹರ್ಕ್ ಎಂದು ಹೆಸರಾದ. 1973ರ ಆಗಸ್ಟ್ 11ರಂದು ತಾವಿದ್ದ ಕಟ್ಟಡದ ಕೋಣೆಯೊಂದರಲ್ಲಿ ಅವನ ತಂಗಿ ಏರ್ಪಡಿಸಿದ್ದ ಕೂಟಕ್ಕೆ ಅವನೇ ಹಾಡು ನುಡಿಸಿದ. ಜನ ಹೆಚ್ಚು ಕುಣಿಯುವುದು ಹಾಡಿನ ನಡುವಣ ಬರಿಯ ವಾದ್ಯದ ಭಾಗಕ್ಕೆ ಎಂಬುದನ್ನು ಕಂಡುಕೊಂಡು, ಒಂದೇ ಹಾಡಿನ ಎರಡು ತಟ್ಟೆ ಇಟ್ಟು ಆ ಭಾಗವನ್ನೇ ಮತ್ತೆ ಮತ್ತೆ ಕೇಳಿಸುವುದು ಅವನ ಕೈಚಳಕ. ಊರು ಬಿಟ್ಟು ಬಂದವರು ನಾಲ್ಕು ಜನ ಕೂಡಿದರೆ ಮೊದಲು ಬೇಕಾಗುವುದು ಊಟ, ಎರಡನೆಯದು ಹಾಡು. ಇದು ನ್ಯೂಯಾರ್ಕಿಗೂ ಭೋರಿಗೂ ಒಂದೇ.

ಕಳೆದ ರಾಜ್ಯೋತ್ಸವಕ್ಕೆ ಇಲ್ಲಿಯ ಕೆಲವೇ ಕನ್ನಡ ಮನೆಗಳವರು ಕೂಡಿ ಒಂದು ಸಂಜೆ ಕಳೆಯುವುದೆಂದು ನಿಶ್ಚಯವಾಯಿತು. ಬಾಡಿಗೆಯ ಡೀಜೆಯವರನ್ನು ವಿಚಾರಿಸಿದರೆ ಅವರ ಬಳಿ ಕನ್ನಡ ಹಾಡೇ ಇಲ್ಲ. ಕೊನೆಗೆ ಆ ಹೊಣೆ ನಮ್ಮ ತಲೆಗೆ ಬಂತು. ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪು ಇತ್ತು. ‘ಮಿಕ್ಸ್’ ಎಂಬ ತಂತ್ರಾಂಶ ಪುಕ್ಕಟೆಯಾಗಿ ದೊರೆಯುತ್ತದೆ. 2001ರಿಂದ ಅನೇಕರು ಕೂಡಿ ಬೆಳೆಸಿಕೊಂಡು ಬಂದದ್ದು. ಅದನ್ನು ತೆರೆದರೆ ತೆರೆಯ ಮೇಲೆ ಎರಡು ತಟ್ಟೆಗಳು, ನಡುವೆ ಒಂದು ಜಾರುಗುಂಡಿ. ಗುಂಡಿಯನ್ನು ಎಡಕ್ಕೆ ಸರಿಸಿದರೆ ಎಡತಟ್ಟೆಯ ಹಾಡು, ಬಲಕ್ಕೆ ಸರಿಸಿದರೆ ಬಲತಟ್ಟೆಯದು, ನಡುವೆ ನಿಲ್ಲಿಸಿದರೆ ಎರಡೂ. ಮುಂದಿನ ಹಾಡನ್ನು ಸಭೆಗೆ ಕೇಳಿಸದೆ ನಾವು ಮಾತ್ರ ಕಿವಿಗೆ ಹಚ್ಚಿ ಕೇಳಬೇಕಾದರೆ ಧ್ವನಿಗೆ ಇನ್ನೊಂದು ದಾರಿ ಬೇಕು. ಅದಕ್ಕೆ ಸಣ್ಣದೊಂದು ಯುಎಸ್‌ಬಿ ಸೌಂಡ್ ಕಾರ್ಡು ಸಾಕು.

ತಂತ್ರಾಂಶ ಕಲಿಯಲು ಎರಡು ಸಂಜೆ ಹಿಡಿಯಿತು. ಹಾಡುಗಳನ್ನು ಅಣಿಗೊಳಿಸಲು ಮೂರು ವಾರ. ಮನೆಮನೆಯವರು ಪೆನ್‌ಡ್ರೈವಿನಲ್ಲಿ ತಂದುಕೊಟ್ಟ ಹಾಡುಗಳಲ್ಲಿ ಅರ್ಧಕ್ಕೆ ‘ಟ್ರ್ಯಾಕ್ 01’ ಎಂದೇ ಹೆಸರು. ಇಪ್ಪತ್ತು ‘ಟ್ರ್ಯಾಕ್ 01’ಗಳಲ್ಲಿ ಯಾವುದು ಭಾವಗೀತೆ, ಯಾವುದು ಡೊಳ್ಳು? ಕಚೇರಿಯಲ್ಲಿ ಆವಕ ಸಂಖ್ಯೆಯಿಲ್ಲದ ಕಾಗದದ ಗತಿ ಏನಾಗುವುದೆಂದು ಬಲ್ಲ ನಾವು ಒಂದೊಂದನ್ನೂ ಕೇಳಿ, ಹಾಡಿನ ಹೆಸರು, ಹಾಡಿದವರು, ಚಿತ್ರ, ವರ್ಷ ಎಲ್ಲವನ್ನೂ ಕನ್ನಡ ಅಕ್ಷರಗಳಲ್ಲೇ ನಮೂದಿಸತೊಡಗಿದೆವು. ಮನೆಯಾಕೆ ಬಾಗಿಲಲ್ಲಿ ನಿಂತು, “ಏನ್ರೀ, ಕಚೇರ್ಯಾಗಿನ ಫೈಲು ಸಾಲಲಿಲ್ಲಂತ ಮನ್ಯಾಗೂ ಫೈಲು ಹಚ್ಚಿ ಕೂತೀರೇನು?” ಎಂದಳು. ಮಾತು ಸುಳ್ಳಲ್ಲ.

ಗುಣದ ಲೆಕ್ಕವೂ ಉಂಟು. ನಾಲ್ಕು ನಿಮಿಷದ ಹಾಡು ಸಿ.ಡಿ.ಯ ಗುಣದ ವೇವ್ ರೂಪದಲ್ಲಿ ಸುಮಾರು 42 ಎಂ.ಬಿ. ಜಾಗ ತಿನ್ನುತ್ತದೆ, 320 ಕೆ.ಬಿ.ಪಿ.ಎಸ್.ನ ಎಂಪಿ3 ಆದರೆ ಸುಮಾರು 10. 128ರದ್ದಾದರೆ 4ಕ್ಕೂ ಕಡಿಮೆ. ಚಿಕ್ಕದನ್ನು ಪುನಃ 320ಕ್ಕೆ ಏರಿಸಿದರೆ ಕಡತ ಊದಿಕೊಳ್ಳುತ್ತದೆಯೇ ಹೊರತು ಕಳೆದುಹೋದ ನಾದ ಹಿಂತಿರುಗುವುದಿಲ್ಲ. ಮಜ್ಜಿಗೆಯನ್ನು ದೊಡ್ಡ ಗಡಿಗೆಗೆ ಸುರಿದ ಮಾತ್ರಕ್ಕೆ ಮೊಸರಾದೀತೆ?

ಇನ್ನು ಲಯ. ನಿಮಿಷಕ್ಕೆ ಎಷ್ಟು ಬಡಿತವೆಂದು ತಂತ್ರಾಂಶವೇ ಎಣಿಸಿಕೊಡುತ್ತದೆ. ಇಂದಿನ ಚಿತ್ರಗೀತೆಗಳ ಲಯ ಯಂತ್ರದ್ದೇ ಆದ್ದರಿಂದ ಅಲ್ಲಿ ಲೆಕ್ಕ ಚೊಕ್ಕ. 75ರ ಹಾಡನ್ನು ಕೆಲವೊಮ್ಮೆ 150 ಎಂದು ಬರೆದುಕೊಳ್ಳುವುದುಂಟು. ಒಂದು ಗುಂಡಿ ಒತ್ತಿ ಅರ್ಧಕ್ಕಿಳಿಸಿದರಾಯಿತು. ಆದರೆ 1960ರ ದಶಕದ ಹಾಡುಗಳಲ್ಲಿ ವಾದ್ಯದವರೆಲ್ಲ ಕೂಡಿ ಕುಳಿತು ನುಡಿಸುತ್ತಿದ್ದರು. ಅವರ ಉಸಿರಿನಂತೆ ಲಯವೂ ತುಸು ಏರಿ ತುಸು ಇಳಿಯುತ್ತದೆ. ಅಲ್ಲಿ ಯಂತ್ರದ ಗೆರೆ ಒಂದು ಕಡೆ, ತಬಲೆ ಇನ್ನೊಂದು ಕಡೆ. ಅಂಥವನ್ನು ಕಿವಿಯ ಮೇಲೆಯೇ ಜೋಡಿಸಬೇಕು.

ಹೀಗಿರಲು ಒಂದು ಸಂಜೆ ಹಿಂದಿನ ಓಣಿಯ ಅಜ್ಜಿ ಸೆರಗಿನಲ್ಲಿ ಸುತ್ತಿದ ಒಂದು ಕ್ಯಾಸೆಟ್ಟು ತಂದರು. “ತಮ್ಮಾ, ಇದರಾಗ ನಮ್ಮ ಅವ್ವ ಸೋಬಾನಿ ಹಾಡ್ಯಾಳ. ಟೇಪು ಕೆಟ್ಟು ಇಪ್ಪತ್ತ ವರ್ಷಾತು. ನಿನ್ನ ಪೆಟಗ್ಯಾಗ ಇದು ಹಿಡಸ್ತದೇನು?” ಎಂದರು. ವಿಜಾಪುರದ ಕಡೆಯ ಮದುವೆಯೊಂದರಲ್ಲಿ ಹಿಡಿದದ್ದು. ಬೇರೆ ಪ್ರತಿ ಇಲ್ಲ, ಹಾಡಿದಾಕೆ ಇಲ್ಲ, ಆ ಪದಗಳನ್ನು ಬಲ್ಲವರೂ ಅಜ್ಜಿಯ ಮನೆಯಲ್ಲಿ ಮತ್ತಾರಿಲ್ಲ.

ಕೇಳಲು ಸಲೀಸು, ಮಾಡಲು ಭಯ. ವರ್ಷಗಟ್ಟಲೆ ಸುತ್ತಿಕೊಂಡೇ ಇದ್ದ ಪಟ್ಟಿ ಎಳೆದರೆ ಹರಿದೀತು. ಮೊದಲು ಪೆನ್ಸಿಲಿನಿಂದ ಮೆಲ್ಲಗೆ ತಿರುಗಿಸಿ ಸಡಿಲಿಸಿದೆವು. ಎರವಲು ತಂದ ಪ್ಲೇಯರಿನ ತಲೆಯನ್ನು ಸ್ಪಿರಿಟ್ಟು ಅದ್ದಿದ ಹತ್ತಿಯಿಂದ ಒರೆಸಿದೆವು. ಆಮೇಲೆ ಒಂದು ತಂತಿಯಿಂದ ಸೌಂಡ್ ಕಾರ್ಡಿಗೆ ಜೋಡಿಸಿ, ‘ಆಡಾಸಿಟಿ’ ಎಂಬ ಇನ್ನೊಂದು ಪುಕ್ಕಟೆ ತಂತ್ರಾಂಶದಲ್ಲಿ ಇಳಿಸಿಕೊಂಡೆವು. ಇಲ್ಲಿ ಅವಸರ ನಡೆಯದು. ಅರ್ಧ ಗಂಟೆಯ ಹಾಡು ಇಳಿಯಲು ಅರ್ಧ ಗಂಟೆಯೇ ಬೇಕು. ಧ್ವನಿಯ ಗೆರೆ ಮೇಲಿನ ಅಂಚು ಮುಟ್ಟದಂತೆ ನೋಡಿಕೊಳ್ಳಬೇಕು. ಮುಟ್ಟಿದರೆ ಆದ ಒಡಕು ಮತ್ತೆ ಕೂಡದು. ಹಿನ್ನೆಲೆಯ ಸುಯ್ಯೆಂಬ ಸದ್ದನ್ನು ತುಸುವೇ ತಗ್ಗಿಸಿದೆವು. ಪೂರ್ತಿ ಒರೆಸಹೋದರೆ ದನಿಯೂ ಸವೆಯುತ್ತದೆ. ಒಂದೆಡೆ ಪಟ್ಟಿ ನೆರಿಗೆಯಾಗಿ ದನಿ ನಡುಗುತ್ತಿತ್ತು. ಅದನ್ನು ಹಾಗೆಯೇ ಬಿಟ್ಟೆವು.

ಸೋಬಾನೆಯ ಲಯವನ್ನು ಮಿಕ್ಸ್ ಎಣಿಸಿದ ಬಗೆ ಮೋಜಿನದು: ಒಮ್ಮೆ 93, ಇನ್ನೊಮ್ಮೆ 118! ಹಾಡುವಾಕೆ ನಡುವೆ ಯಾರಿಗೋ ಅಕ್ಕಿ ತರಹೇಳುತ್ತಾಳೆ, ನಗುತ್ತಾಳೆ, ಮತ್ತೆ ಎತ್ತಿಕೊಳ್ಳುತ್ತಾಳೆ. ಇದಕ್ಕೆ ಯಾವ ಲೆಕ್ಕ?

ಸಮಾರಂಭದಲ್ಲಿ ತರುಣರು ಬಿಡುವಿಲ್ಲದ ಕುಣಿತ ಕೇಳಿದರು; ಹಿರಿಯರು ಭೀಮಸೇನ ಜೋಶಿಯವರ ದಾಸರ ಪದ ಕೇಳಿದರು. ಇಬ್ಬರಿಗೂ ಸಂದಿತು. ನಡುವೆ ಒಂದು ಕುಣಿತದ ಹಾಡು ಮುಗಿದಾಗ ಮುಂದಿನದನ್ನು ಬೆಸೆಯದೆ ನಾಲ್ಕು ಕ್ಷಣ ಸುಮ್ಮನೆ ಬಿಟ್ಟು, ಸೋಬಾನೆಯನ್ನು ಹಚ್ಚಿದೆವು. ಅಜ್ಜಿ ತುಟಿ ಅಲ್ಲಾಡಿಸುತ್ತ ಕುಳಿತರು. ಮರಾಠಿ ಶಾಲೆಗೆ ಹೋಗುವ ಮೊಮ್ಮಗ, “ಹಾ ಕೋಣಾಚಾ ಆವಾಜ್?” ಎಂದ. “ನಮ್ಮವ್ವಂದಪ್ಪಾ, ನಿನ್ನ ಮುತ್ತಜ್ಜೀದು” ಎಂದರು. ಮರುದಿನ ಹುಡುಗ ನಮ್ಮ ಮನೆಗೆ ಬಂದು ಆ ಹಾಡನ್ನು ತನ್ನ ಫೋನಿಗೆ ಹಾಕಿಸಿಕೊಂಡು ಹೋದ.

ಗದ್ದಲವಿದ್ದರೇ ಜನ ಕೇಳುತ್ತಾರೆಂಬುದು ನಿಜವಲ್ಲ. ಕುಂದಗೋಳದ ಸವಾಯಿ ಗಂಧರ್ವರ ಹೆಸರಿನ ಸಂಗೀತೋತ್ಸವವನ್ನು 1953ರಲ್ಲಿ ಅವರ ಶಿಷ್ಯ ಭೀಮಸೇನರು ಪುಣೆಯಲ್ಲಿ ಆರಂಭಿಸಿದಾಗ ಪೆಟ್ಟಿಗೆಗಳ ಗೋಡೆ ಇರಲಿಲ್ಲ. ಆದರೂ ಪುಣೆ ಕನ್ನಡದ ಗಂಟಲಿಗೆ ಕಿವಿಗೊಟ್ಟಿತು. ನಮ್ಮದೂ ರಾತ್ರಿ ಹತ್ತರೊಳಗೆ ಮುಗಿಯಿತು. 2000ದ ಶಬ್ದಮಾಲಿನ್ಯ ನಿಯಮವೂ ಅದನ್ನೇ ಹೇಳುತ್ತದೆ.

ಓದುಗರ ಮನೆಗಳ ಅಟ್ಟದ ಮೇಲೂ ಇಂಥ ಕ್ಯಾಸೆಟ್ಟುಗಳಿರಬಹುದು. ಈ ದೀಪಾವಳಿಯ ಸ್ವಚ್ಛತೆಯಲ್ಲಿ ಅವನ್ನು ಮೋಡಕಾದವನಿಗೆ ಹಾಕಬೇಡಿರಿ. ವೇವ್ ರೂಪದಲ್ಲೊಂದು ಮೂಲಪ್ರತಿ, ಕೇಳಲು ಎಂಪಿ3, ಇನ್ನೊಂದು ಪ್ರತಿ ಬೇರೆ ಊರಿನ ನೆಂಟರಲ್ಲಿ ಇರಲಿ. ಎಲ್ಲಕ್ಕಿಂತ ಮೊದಲು, ಹಾಡಿದವರ ಹೆಸರನ್ನೂ ಊರನ್ನೂ ಬರೆದಿಡಿ. ಹೇಳಬಲ್ಲವರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕಾದ ಸಂಗತಿ ಇದು.