ಮೂರನೇ ಗೇರಿನ ಪರೀಕ್ಷೆ

ಜೆ.ಪಿ. ನಗರದ ಒಳರಸ್ತೆಯಲ್ಲಿ ಒಂದು ಅವೈಜ್ಞಾನಿಕ ಹಂಪ್. ಅದನ್ನು ದಾಟುವಷ್ಟರಲ್ಲಿ ವೇಗ ಸಾಕಷ್ಟು ತಗ್ಗಿತ್ತು, ಗೇರು ಮಾತ್ರ ಮೂರರಲ್ಲೇ ಇತ್ತು. ಎರಡಕ್ಕೆ ಇಳಿಸದೆ ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿದೆ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಕಾರು ಅದುರದೆ, ಜಗ್ಗದೆ ಸರಾಗವಾಗಿ ಮುಂದಕ್ಕೆ ಎಳೆಯಿತು; ಬೆನ್ನು ತಾನಾಗಿ ಸೀಟಿಗೆ ಒರಗಿತು. ಹ್ಯುಂಡೈ ಐ20 ಎನ್ ಲೈನ್ ನನ್ನ ಮನಸ್ಸಿಗೆ ಬಂದದ್ದು ಅಲ್ಲಿ.

ಪಕ್ಕದಲ್ಲಿದ್ದ ಸೇಲ್ಸ್ ಹುಡುಗನಿಗೆ ಸಮಾಧಾನವಿಲ್ಲ. “ಸಾರ್, ರಿಂಗ್ ರೋಡ್ ಖಾಲಿ ಇದೆ, ಒತ್ತಿ ಸಾರ್, ಪಿಕಪ್ ನೋಡಿ” ಅಂದ. “ಬೇಡಪ್ಪ, ಇನ್ನೊಂದು ಹಂಪ್ ಎಲ್ಲಿದೆ ಹೇಳು” ಅಂದೆ.

ಪುಟ್ಟ ಚುರುಕು ಕಾರುಗಳನ್ನು ಓಡಿಸಿ ನೋಡುವ ಈ ಹುಚ್ಚು ನನಗೆ ಹತ್ತಿದ್ದು 2013ರಲ್ಲಿ ಪೋಲೊ ಜಿಟಿ ಟಿಎಸ್‌ಐ ಬಂದಾಗ. ನಮ್ಮಲ್ಲಿ ಪೋಲೊ ತಯಾರಿಕೆ 2022ರಲ್ಲಿ ನಿಂತಿತು. ಆಮೇಲೆ ಇಂಥವನ್ನು ಹುಡುಕಿಕೊಂಡು ಹೋದವರಿಗೆ ಸಿಕ್ಕಿದ್ದು ಕಡಿಮೆ: ಈ ಎನ್ ಲೈನ್, 2024ರಲ್ಲಿ ಬಂದ ಟಾಟಾ ಆಲ್ಟ್ರೋಜ್ ರೇಸರ್. ಎರಡಕ್ಕೂ ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್ ಎಂಜಿನ್, ಎರಡಕ್ಕೂ 120 ಪಿಎಸ್. ಕಾಗದದ ಮೇಲೆ ಇಷ್ಟು ಹತ್ತಿರ ಇರುವ ಕಾರುಗಳಲ್ಲಿ ಯಾವುದು ನಮ್ಮದು ಅನ್ನುವುದು ಕೈಕಾಲಿಗೇ ಗೊತ್ತಾಗಬೇಕು.

ಕಾರು ಹುಚ್ಚರ ಜೊತೆ ನನ್ನ ಹಳೆಯ ಜಗಳವೂ ಇದೇ. ಅವರಿಗೆ ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಅನ್ನುವುದೇ ಜಾತಕ. ಬೆಂಗಳೂರಿನಲ್ಲಿ ಸೊನ್ನೆಯಿಂದ ನೂರಕ್ಕೆ ಹೋಗುವ ಜಾಗ ಯಾವುದು? ನಮ್ಮ ದಿನವೆಲ್ಲ ಇಪ್ಪತ್ತರಿಂದ ಐವತ್ತರೊಳಗೆ ಮುಗಿಯುತ್ತದೆ. ಟರ್ಬೊ ತಿರುಗುವುದು ಎಂಜಿನ್ ಉಗುಳುವ ಹೊಗೆಯ ರಭಸಕ್ಕೆ. ಎನ್ ಲೈನ್‌ನ ಪೂರ್ತಿ 172 ಎನ್‌ಎಂ ಎಳೆತ ಕೈಗೆ ಸಿಗುವುದು 1500 ಆರ್‌ಪಿಎಂ ಮುಟ್ಟಿದ ಮೇಲೆ. ಅದಕ್ಕಿಂತ ಕೆಳಗೆ ಅದು ಬರೀ ಒಂದು ಲೀಟರಿನ ಸಣ್ಣ ಎಂಜಿನ್. ಆ ತಗ್ಗಿನಿಂದ ಕಾರು ಹೇಗೆ ಎದ್ದು ಬರುತ್ತದೆ ಅನ್ನುವುದರಲ್ಲಿ ಅದರ ಗುಣವೆಲ್ಲ ಇದೆ. ಅದಕ್ಕೇ ನನ್ನದು ಮೂರನೇ ಗೇರು, ನಿಧಾನ ವೇಗ, ಏಸಿ ಆನ್, ಹಾಡು ಆಫ್. ಹಿಂದಿನ ಸೀಟಿನಲ್ಲಿ ಮನೆಯವರು ಇರಲೇಬೇಕು. ಒಬ್ಬರೇ ಹೋಗಿ ನೋಡಿಬಂದ ಕಾರು, ನಾಲ್ವರು ಕೂತು ಚಾರ್ಮಾಡಿ ಹತ್ತುವಾಗ ಬೇರೆಯೇ ಕಾರಾಗಿರುತ್ತದೆ. ಮುಂದೆ ಲಾರಿ, ಎದುರಿಗೆ ಹೇರ್‌ಪಿನ್ ತಿರುವು. ಎರಡರಲ್ಲಿ ಎಂಜಿನ್ ಕಿರುಚುತ್ತದೆ, ಮೂರಕ್ಕೆ ಹಾಕಿದರೆ ಮಲಗುತ್ತದೆ. ಇದನ್ನು ಸ್ಟಾಪ್‌ವಾಚ್ ಹೇಳುವುದಿಲ್ಲ.

ಇದಾದರೂ ಅಭಿಪ್ರಾಯಭೇದ, ಇರಲಿ. ನನಗೆ ನಿಜವಾಗಿ ಸಿಟ್ಟು ಬರುವುದು ಬೇರೆ ಕಡೆ. ಬೆಳಿಗ್ಗೆ ಶೋರೂಮ್ ಬಾಗಿಲು ತೆರೆಯುತ್ತಲೇ ಕೆಲವರು ಟೆಸ್ಟ್ ಡ್ರೈವ್‌ಗೆ ಬರುತ್ತಾರೆ, ತಣ್ಣಗಿರುವ ಡೆಮೊ ಕಾರು ಸ್ಟಾರ್ಟ್ ಮಾಡುತ್ತಾರೆ, ಗೇಟು ದಾಟುತ್ತಲೇ ಕೆಂಪು ಗೆರೆಯವರೆಗೆ ಒತ್ತುತ್ತಾರೆ. ಟರ್ಬೊದ ಶಾಫ್ಟು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ಸುತ್ತುವಂಥದ್ದು. ಅದನ್ನು ಹೊತ್ತಿರುವುದು ಎಣ್ಣೆಯ ತೆಳು ಪದರ. ತಣ್ಣಗಿನ ಎಣ್ಣೆ ಮಂದ, ಹರಿದು ಬರುವುದು ತಡ. ಓಡಿಸಿ ತಂದ ಮೇಲೆ ಇನ್ನೊಂದು ಅನ್ಯಾಯ: ಕಾದು ಕೆಂಪಾದ ಟರ್ಬೊ ಆರುವ ಮೊದಲೇ ಎಂಜಿನ್ ಆಫ್. ಎಣ್ಣೆಯ ಹರಿವು ನಿಂತು, ಅಲ್ಲೇ ಉಳಿದದ್ದು ಸುಟ್ಟು ಕರಿ ಕಟ್ಟಲು ಶುರುವಾಗುತ್ತದೆ. ಹಗಲಿಡೀ ಹೀಗೆ, ಒಬ್ಬರಾದ ಮೇಲೆ ಒಬ್ಬರು. ಅದೇ ಕಾರು ಮುಂದೊಂದು ದಿನ “ಕಡಿಮೆ ಓಡಿದ ಗಾಡಿ” ಎಂದು ಮಾರಾಟಕ್ಕೆ ನಿಲ್ಲುತ್ತದೆ. ಸಾಲ ಮಾಡಿ ಮೊದಲ ಕಾರು ಕೊಳ್ಳುವ ಯಾರೋ ಮೇಷ್ಟ್ರು, ಯಾರೋ ನರ್ಸಮ್ಮ ಅದನ್ನು ಮನೆಗೆ ಒಯ್ಯುತ್ತಾರೆ. ನಮ್ಮ ಮೋಜಿನ ಬಿಲ್ಲು ಅವರು ಕಟ್ಟಬೇಕೆ?

ಆರು ಗೇರಿನ ಮ್ಯಾನುಯಲ್ ಎನ್ ಲೈನ್‌ಗೆ ನಾನು ಮುಂಗಡ ಕೊಟ್ಟಿದ್ದೇನೆ. ನೀವು ಯಾವ ಕಾರು ನೋಡಲು ಹೋದರೂ ಸರಿ, ಮೊದಲ ಕೆಲವು ಕಿಲೋಮೀಟರು ಹಗುರವಾಗಿ ಓಡಿಸಿ. ವಾಪಸ್ ತಂದ ಮೇಲೆ ಎಂಜಿನ್ನನ್ನು ಒಂದು ನಿಮಿಷ ಹಾಗೇ ಬಿಟ್ಟು, ಆಮೇಲೆ ಬೀಗದ ಕೈ ವಾಪಸ್ ಕೊಡಿ.